ಮಾಡು ಹತ್ತುವವರು ಬೇಕಾಗಿದ್ದಾರೆ

(ದಕ್ಷಿಣ ಕನ್ನಡದ ಒಂದು ಸಣ್ಣ ಊರಿನ ಶಾಲೆಯಲ್ಲಿ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಮಾಡು ಅಂದರೆ ನಮ್ಮ ಕಡೆ ಕಟ್ಟಡದ ಚಾವಣಿ.)

ಮೈಕ್ ಬೇಡ ಅಂತ ನಾನೇ ಹೇಳಿದ್ದು. ಸೌಂಡಿನವರು ಬೇಜಾರು ಮಾಡಿಕೊಳ್ಳಬಾರದು. ಕಡೇ ಬೆಂಚಿನವರಿಗೆ ಕೇಳ್ತಾ ಉಂಟಲ್ಲ? ಸರಿ, ಹಾಗಾದರೆ ಶುರು ಮಾಡುವ.

ಈ ಹಾಲ್ ಅರವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ. ನಿನ್ನೆ ಸಂಜೆ ಟೇಪು ಹಿಡಿದು ಅಳೆದೆ. ಇದನ್ನು ಕಟ್ಟುವಾಗ ಊರಿಗೆ ಕರೆಂಟೇ ಇರಲಿಲ್ಲ. ಕಟ್ಟಿದವರು ನಂಬಿದ್ದು ಒಬ್ಬ ಮಾಸ್ಟ್ರ ಗಂಟಲನ್ನು ಮಾತ್ರ. ಸ್ಲ್ಯಾಬಿನ ಕೆಳಗಿನ ಖಾಲಿ ರೂಮಿನಲ್ಲಿ ಜೋರಾಗಿ ಮಾತಾಡಿ ನೋಡಿ, ನಿಮ್ಮ ಮಾತೇ ನಿಮಗೆ ಎದುರುತ್ತರ ಕೊಡುತ್ತದೆ. ಇಲ್ಲಿ ಹಾಗಿಲ್ಲ. ಮೇಲೆ ಹೋದ ಮಾತು ಪಕಾಸಿನ, ಅಂದರೆ ಮಾಡಿನ ಇಳಿಜಾರು ಮರಗಳ ಸಂದಿ, ಹಂಚಿನ ಸಂದಿಯಲ್ಲಿ ಚದುರಿ ಹೋಗುತ್ತದೆ. ಹಾಗಾಗಿ ನನ್ನಂಥ ಸಣ್ಣ ಗಂಟಲಿನವನೂ ಇಲ್ಲಿ ಉಪನ್ಯಾಸ ಮಾಡಬಹುದು.

ನಾನು ಒಂದರಿಂದ ಏಳರವರೆಗೆ ಇಲ್ಲೇ ಕಲಿತವನು. ಆಮೇಲೆ ಸಿವಿಲ್ ಇಂಜಿನಿಯರ್ ಆದೆ. ಮೂವತ್ತು ವರ್ಷ ಕಾಂಕ್ರೀಟು ಸುರಿದೇ ಅನ್ನ ತಿಂದಿದ್ದೇನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇನ್ನು ಮುಂದೆ ನಾನು ಹಂಚಿನ ಪರವಾಗಿ ಮಾತಾಡುವಾಗ "ಇವರಿಗೆ ಏನು, ವಯಸ್ಸಾಯ್ತು, ಹಳೇದೆಲ್ಲ ಚಂದ ಕಾಣ್ತದೆ" ಅಂತ ನಿಮಗೆ ಅನಿಸಬಾರದು. ಮಾಸ್ಟ್ರುಗಳ ಬಗ್ಗೆ, ಬೆತ್ತದ ಬಗ್ಗೆ ಬೇರೆಯವರು ಹೇಳುತ್ತಾರೆ. ನನ್ನ ಮಾತು ಈ ಕಟ್ಟಡದ ಬಗ್ಗೆ, ಅದರ ಹಂಚಿನ ಮಾಡನ್ನು ಉಳಿಸುವ ಬಗ್ಗೆ ಮಾತ್ರ.

ಕಳೆದ ತಿಂಗಳು ಸಮಿತಿಯಲ್ಲಿ ಒಂದು ಸಣ್ಣ ಜಗಳ ಆಯಿತು. ಕಟ್ಟಡಕ್ಕೆ ಎಷ್ಟು ವರ್ಷ? ಒಬ್ಬರು ಹೊರಗಿನ ರಾಶಿಯಿಂದ ಒಂದು ಒಡೆದ ಹಂಚು ತಂದು ಮೇಜಿನ ಮೇಲೆ ಇಟ್ಟರು. ಅದರ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865 ಅಂತ ಅಚ್ಚು. "ನೋಡಿ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?" ಅಂದರು. ಆ ಇಸವಿ ಹಾಕಿದ ಬ್ಯಾನರ್ ಪ್ರಿಂಟಿಗೆ ಹೋಗುವುದರಲ್ಲಿತ್ತು, ನಾನು ತಡೆದೆ.

ಆ 1865 ನಮ್ಮ ಶಾಲೆ ಕಟ್ಟಿದ ವರ್ಷವಲ್ಲ. ಆ ಹಂಚು ಸುಟ್ಟ ವರ್ಷವೂ ಅಲ್ಲ. ಅದು ಕಾರ್ಖಾನೆ ಶುರುವಾದ ವರ್ಷ. ಬೇಕರಿಯ ಬೋರ್ಡಿನಲ್ಲಿ ಸ್ಥಾಪನೆ ಇಷ್ಟನೇ ಇಸವಿ ಅಂತ ಬರೆದಿರುತ್ತದೆ ಅಲ್ವಾ, ಹಾಗೆ. ಬ್ರೆಡ್ಡು ಇವತ್ತಿನದ್ದೇ ಇರುತ್ತದೆ. ಹಂಚಿನ ಮೇಲಿನ ಇಸವಿ ನೋಡಿ ಎಷ್ಟೋ ಊರಿನವರು ತಮ್ಮ ಮನೆಗೆ, ಶಾಲೆಗೆ ಐವತ್ತು ಅರುವತ್ತು ವರ್ಷ ಸುಮ್ನೆ ಸೇರಿಸಿಕೊಂಡಿದ್ದಾರೆ.

ಆದರೂ ಆ ಅಚ್ಚು ಓದಲು ಕಲಿತರೆ ಅದರಲ್ಲಿ ಬಹಳ ಸಂಗತಿ ಉಂಟು. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಘದವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಪ್ರೆಸ್ಸು, 1843ರ ಮಂಗಳೂರ ಸಮಾಚಾರ, ಕಿಟ್ಟೆಲರ ನಿಘಂಟು, ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ಮತಾಂತರ ಆದವರು ಮನೆ, ಜಾತಿ, ಕಸುಬು ಎಲ್ಲ ಕಳೆದುಕೊಂಡು ಬಂದಾಗ ಅವರಿಗೆ ಕೆಲಸ ಕೊಡಬೇಕಾಯಿತು. ನೇಯ್ಗೆ ಶುರು ಮಾಡಿದರು. ಆಮೇಲೆ ಹಂಚು. ಜಾರ್ಜ್ ಪ್ಲೆಬ್ಸ್ಟ್ ಅನ್ನುವವರು ನಮ್ಮ ಹೊಳೆ ಬದಿಯ ಜೇಡಿಯನ್ನು ಸುಟ್ಟು ಸುಟ್ಟು ನೋಡಿ, ಯುರೋಪಿನಲ್ಲಿ ಬಳಕೆಯಲ್ಲಿದ್ದ ಒಂದಕ್ಕೊಂದು ಕಚ್ಚಿ ಕೂರುವ ಹಂಚನ್ನು ಇಲ್ಲಿ ಮಾಡಿದರು. 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ ಕಾರ್ಖಾನೆ ಎದ್ದಿತು. ಮಣ್ಣು ಹೊಳೆಯಿಂದ, ಕಟ್ಟಿಗೆ ಮೇಲಿನ ಕಾಡಿನಿಂದ. ಸುಟ್ಟ ಹಂಚು ಮಂಜಿ ಅನ್ನುವ ಹಾಯಿ ದೋಣಿಗಳಲ್ಲಿ ತುಂಬಿ ಕಡಲದಾರಿಯಲ್ಲಿ ಹೋಗುತ್ತಿತ್ತು. ಮಂಗಳೂರು ಹಂಚು ಅನ್ನುವ ಹೆಸರು ಹುಟ್ಟಿದ್ದು ಹಾಗೆ. ಮೂರೇ ವರ್ಷದಲ್ಲಿ, 1868ರಲ್ಲಿ, ಆಲ್ಬುಕರ್ಕ್ ಹಂಚು ಶುರುವಾಯಿತು. ಆಮೇಲೆ ಎಷ್ಟೆಷ್ಟೋ.

ಮೊದಲನೇ ಮಹಾಯುದ್ಧ ಬಂತು. ಮಿಷನ್ ಸ್ವಿಸ್ ಊರಿನದಾದರೂ ಅದರಲ್ಲಿ ಜರ್ಮನರೇ ಜಾಸ್ತಿ. ಬ್ರಿಟಿಷ್ ಸರಕಾರ ಶತ್ರುಗಳ ಆಸ್ತಿ ಅಂತ ವಶಕ್ಕೆ ತೆಗೆದುಕೊಂಡಿತು. ಯುದ್ಧ ಆದ ಮೇಲೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಗೆ ಹೋದವು. ಆ ಕಂಪನಿಯವರು ಸಹ ಹಂಚಿನ ಮೇಲೆ 1865 ಅಂತಲೇ ಅಚ್ಚು ಹಾಕಿದರು. ನೋಡಿ, ಇಸವಿ ಒಂದೇ, ಹೆಸರು ಬೇರೆ. ಕಾಮನ್‌ವೆಲ್ತ್ ಅಂತ ಇದ್ದರೆ ಆ ಹಂಚು ಯುದ್ಧದ ನಂತರದ್ದು ಅಂತ ಕಣ್ಣು ಮುಚ್ಚಿ ಹೇಳಬಹುದು.

ಈಗ ತಲೆ ಎತ್ತಿ ನೋಡಿ. ಹಂಚಿನ ಹೊಟ್ಟೆ ಎಲ್ಲ ಒಂದೇ ಬಣ್ಣ ಇಲ್ಲ. ಕಿಟಕಿಯ ಕಡೆ ಕಪ್ಪು ಹಿಡಿದ ಹಂಚು. ನಡುವೆ ಒಂದು ಪಟ್ಟಿ ಕೆಂಪಗೆ ಉಂಟು. ಅಲ್ಲಿ ಬಾಗಿಲ ಮೇಲೆ ಎಂಟು ಹತ್ತು ಹಂಚು ಬೇರೆಯೇ ಬಣ್ಣ. ನಿನ್ನೆ ಏಣಿ ಹತ್ತಿ ನೋಡಿದೆ, ಈ ಒಂದು ಮಾಡಿನಲ್ಲಿ ನಾಲ್ಕು ಕಾರ್ಖಾನೆಯ ಹಂಚು ಉಂಟು. ಅಂದರೆ ಬೇರೆ ಬೇರೆ ಕಾಲದಲ್ಲಿ ಯಾರೋ ಮೇಲೆ ಹತ್ತಿ ಒಡೆದದ್ದನ್ನು ತೆಗೆದು ಸಿಕ್ಕಿದ್ದನ್ನು ಹಾಕಿದ್ದಾರೆ. ಶಾಲೆಯ ರಿಪೇರಿ ರಿಜಿಸ್ಟರು ಆಫೀಸಿನಲ್ಲಿ ಸಿಗಲಿಕ್ಕಿಲ್ಲ. ಅದು ನಿಮ್ಮ ತಲೆಯ ಮೇಲೆ ಉಂಟು.

ಹಂಚು ಬರುವ ಮೊದಲು ಏನಿತ್ತು? ಐಗಳ ಮಠ, ಅಂದರೆ ಹಳೆ ಕಾಲದ ಮಾಸ್ಟ್ರ ಊರ ಶಾಲೆ. ಯಾರದೋ ಮನೆಯ ಜಗಲಿ, ಅಥವಾ ದೇವಸ್ಥಾನದ ಪೌಳಿ. ಮಕ್ಕಳು ಮರಳು ಹರಡಿ ಬೆರಳಿನಲ್ಲಿ ಅ ಆ ತಿದ್ದುತ್ತಿದ್ದರು. ಬೇರೆ ಚಪ್ಪರ ಹಾಕಿದರೆ ಮೇಲೆ ಮುಳಿಹುಲ್ಲು ಅಥವಾ ಸೋಗೆ. ಹುಲ್ಲಿನ ಮಾಡು ತಂಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷ ವರ್ಷ ಹೊದಿಸಬೇಕು, ಒಂದು ಕಿಡಿ ಬಿದ್ದರೆ ಮುಗಿಯಿತು. ಹಾಗಾಗಿ ಹಂಚಿನ ಮಾಡು ಅಂದರೆ ಆ ಕಾಲದಲ್ಲಿ ದೊಡ್ಡ ಸಂಗತಿ. "ಹಂಚಿನ ಮನೆಯವರು" ಅಂದರೆ ಅನುಕೂಲಸ್ಥರು ಅಂತ ಅರ್ಥ. ಮನೆಯಲ್ಲಿ ಹುಲ್ಲಿನ ಮಾಡು ಇದ್ದ ಮಗು ಶಾಲೆಗೆ ಬಂದು ಹಂಚಿನ ಕೆಳಗೆ ಕೂತದ್ದನ್ನು ನೆನೆಸಿಕೊಳ್ಳಿ. ಆ ಮಗುವಿಗೆ ಶಾಲೆ ಮೊದಲು ಕಲಿಸಿದ ಪಾಠ ಅದೇ ಇರಬೇಕು.

ಇಂಥ ಹಳೆ ಶಾಲೆಗಳಿಗೆ ಹೇಳುವ ಬೋರ್ಡ್ ಶಾಲೆ ಅನ್ನುವ ಹೆಸರಿನ ಬಗ್ಗೆ ಒಂದು ಮಾತು. ಚಿಕ್ಕವನಿರುವಾಗ ಕರಿ ಹಲಗೆ ಇರುವ ಶಾಲೆಗೆ ಬೋರ್ಡ್ ಶಾಲೆ ಅಂತಾರೆ ಅಂದುಕೊಂಡಿದ್ದೆ. ನಗಬೇಡಿ, ಇಲ್ಲಿ ಕೂತ ಅರ್ಧ ಜನ ಹಾಗೇ ಅಂದುಕೊಂಡಿದ್ದೀರಿ. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿ 1884ರ ಸ್ಥಳೀಯ ಬೋರ್ಡುಗಳ ಕಾನೂನಿನಿಂದ ತಾಲೂಕು ಬೋರ್ಡು, ಜಿಲ್ಲಾ ಬೋರ್ಡು ಬಂದವು. ರಸ್ತೆ, ಬಾವಿ, ಆಸ್ಪತ್ರೆ, ಶಾಲೆ ಅವರ ಜವಾಬ್ದಾರಿ. ಪುತ್ತೂರಿನ ಕೊಂಬೆಟ್ಟು, ಉಡುಪಿ, ಕುಂದಾಪುರದಲ್ಲೆಲ್ಲ ಬೋರ್ಡ್ ಹೈಸ್ಕೂಲ್ ಅನ್ನುವ ಹೆಸರು ಉಳಿದದ್ದು ಹಾಗೆ. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಬೋರ್ಡು ಹೋಯಿತು, ಹೆಸರು ಮಾತ್ರ ಇನ್ನೂ ಬಾಯಲ್ಲಿ ಉಂಟು.

ಇರಲಿ, ಕಟ್ಟಡಕ್ಕೆ ಬರುವ.

ಕರಾವಳಿಯಲ್ಲಿ ಯಾವ ಕಟ್ಟಡಕ್ಕೂ ಮೊದಲನೇ ಪರೀಕ್ಷೆ ಮಳೆ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಅಂದರೆ ಹೊಸತೇನಲ್ಲ. ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸಪ್ಟೆಂಬರ್ ಒಳಗೆ ಸುರಿಯುತ್ತದೆ. ಈ ಹಾಲಿನ ಮಾಡು ನಾಲ್ಕೂ ಕಡೆ ಮೂರು ಮೂರು ಅಡಿ ಹೊರಗೆ ಚಾಚಿದೆ. ಲೆಕ್ಕ ಹಾಕಿದೆ. ಒಂದು ವರ್ಷಕ್ಕೆ ಈ ಮಾಡಿನ ಮೇಲೆ ಬೀಳುವ ನೀರು ಸುಮಾರು ಐದೂವರೆ ಲಕ್ಷ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಆದರೆ ತೊಂಬತ್ತಕ್ಕಿಂತ ಜಾಸ್ತಿ. ಅಷ್ಟೂ ಟ್ಯಾಂಕರನ್ನು ತಂದು ನಿಮ್ಮ ತಲೆಯ ಮೇಲೆ ಖಾಲಿ ಮಾಡಿದ ಹಾಗೆ. ಕೆಳಗೆ ಕೂತ ಮಕ್ಕಳ ಸ್ಲೇಟು ಮಾತ್ರ ಒದ್ದೆ ಆಗಬಾರದು.

ಇದನ್ನು ತಡೆಯುವುದು ಯಾವ ಅಂಟೂ ಅಲ್ಲ, ಸಿಮೆಂಟೂ ಅಲ್ಲ. ಒಂದು ಹಂಚು ತೆಗೆದುಕೊಳ್ಳಿ. ಎರಡರಿಂದ ಮೂರು ಕಿಲೊ ಭಾರ. ಒಂದು ಬದಿಯಲ್ಲಿ ಕಾಲುವೆಯ ಹಾಗೆ ಗೀರು, ಇನ್ನೊಂದು ಬದಿಯಲ್ಲಿ ಆ ಗೀರಿನಲ್ಲಿ ಕೂರುವ ಏಣು. ಅಡಿಯಲ್ಲಿ ಎರಡು ಸಣ್ಣ ಕೊಕ್ಕೆ, ಅದು ರೀಪಿಗೆ, ಅಂದರೆ ಅಡ್ಡಕ್ಕೆ ಹೊಡೆದ ಮರದ ಪಟ್ಟಿಗೆ, ತಗಲಿ ನಿಲ್ಲುತ್ತದೆ. ಪಕ್ಕದ ಹಂಚಿನ ಬದಿಯನ್ನು ಕಚ್ಚುತ್ತದೆ, ಕೆಳಗಿನ ಹಂಚಿನ ತಲೆಯ ಮೇಲೆ ಕೂರುತ್ತದೆ. ಸಂದಿಗೆ ಇಳಿದ ನೀರು ಗೀರಿನಲ್ಲೇ ಹರಿದು ಕೆಳಗಿನ ಹಂಚಿನ ಮೇಲೆ ಬೀಳುತ್ತದೆ. ಒಂದು ಮೊಳೆ ಇಲ್ಲ. ಇಳಿಜಾರು ಮಾತ್ರ ಸರಿಯಾಗಿರಬೇಕು. ಚಪ್ಪಟೆ ಆದರೆ ಗಾಳಿಗೆ ನೀರು ಹಿಂದಕ್ಕೆ ನುಗ್ಗುತ್ತದೆ. ಜಾಸ್ತಿ ಕಡಿದಾದರೆ ಹಂಚು ಜಾರುತ್ತದೆ. ನಮ್ಮ ಆಚಾರಿಗಳಿಗೆ ಆ ಅಂದಾಜು ಕೈಯಲ್ಲೇ ಇತ್ತು, ನಾನು ಅದನ್ನು ಕಾಲೇಜಿನಲ್ಲಿ ಕೋಷ್ಟಕ ನೋಡಿ ಕಲಿತೆ.

ನೂರು ಚದರಡಿ ಮಾಡಿಗೆ ಸುಮಾರು 150 ಹಂಚು ಬೇಕು. ಇಲ್ಲಿ ಮೇಲೆ ಏನಿಲ್ಲವೆಂದರೂ ಮೂರು ಸಾವಿರ ಹಂಚು ಉಂಟು. ಆರೇಳು ಟನ್ ಮಣ್ಣು, ಮಾರಾಯ್ರೆ! ಅದು ರೀಪಿನ ಮೇಲೆ, ರೀಪು ಪಕಾಸಿನ ಮೇಲೆ, ಪಕಾಸು ಈ ಅಡ್ಡೆಯ ಮೇಲೆ, ಅಡ್ಡೆಯ ಭಾರ ಈ ತ್ರಿಕೋನದ ಮರದ ಚೌಕಟ್ಟಿನ ಮೇಲೆ, ಅದರ ಕಾಲು ಗೋಡೆಯ ಮೇಲೆ. ಆ ತ್ರಿಕೋನ ಇರುವುದರಿಂದಲೇ ಹಾಲಿನ ನಡುವೆ ಒಂದೂ ಕಂಬ ಇಲ್ಲ. ಇಪ್ಪತ್ತು ಅಡಿ ಅಗಲ ಯಾಕೆ ಅಂತ ಕೇಳಿದರೆ ಅದಕ್ಕೂ ಇದೇ ಉತ್ತರ. ಆಗ ಸುಲಭದಲ್ಲಿ ಸಿಗುತ್ತಿದ್ದ ಮರದ ಉದ್ದ ಅಷ್ಟು.

ಗೋಡೆ ಕೆಂಪು ಕಲ್ಲಿನದ್ದು. ಮುರಕಲ್ಲು ಅನ್ನಿ, ಚಿರೆಕಲ್ಲು ಅನ್ನಿ. ಟಿಪ್ಪು ಸತ್ತ ಮರುವರ್ಷ ಈ ಕಡೆ ಎಲ್ಲ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಇದನ್ನು ಇಟ್ಟಿಗೆಯ ಹಾಗೆ ಕಡಿಯುವುದನ್ನು ನೋಡಿ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಲಾಟೆರ್ ಅನ್ನುತ್ತಾರಂತೆ. ಕೋರೆಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟಷ್ಟೂ ಗಟ್ಟಿ. ನೀರುದೋಸೆಯ ಹಾಗೆ ಮೈಯೆಲ್ಲ ತೂತು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಅದರ ಮೇಲೆ ಚಿಪ್ಪಿನ ಸುಣ್ಣದ ಗಾರೆ. ಹೊಳೆಯ ಚಿಪ್ಪು ಸುಟ್ಟು, ಬೆಲ್ಲದ ನೀರು ಹಾಕಿ ಅರೆದದ್ದು. ಆ ಗಾರೆಯೂ ಉಸಿರಾಡುತ್ತದೆ.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದ್ದೇ ಒಂದು ಹಳೆ ಶಾಲೆಯ ರಿಪೇರಿ ನನ್ನ ಪಾಲಿಗೆ ಬಂತು. ಸುಣ್ಣದ ಗಾರೆ ಅಲ್ಲಲ್ಲಿ ಉದುರಿತ್ತು. ನಾನು ಪೂರ್ತಿ ಕೆತ್ತಿಸಿ ಒಳಗೂ ಹೊರಗೂ ಸಿಮೆಂಟು ಗಾರೆ ಹಾಕಿಸಿದೆ. ಕನ್ನಡಿಯ ಹಾಗೆ ಕಂಡಿತು. ಹೆಡ್ಮಾಸ್ಟ್ರು ಶಾಲು ಹೊದೆಸಿದರು. ಎರಡು ಮಳೆಗಾಲ ಕಳೆಯಿತು. ನೆಲದಿಂದ ಏರಿದ ನೀರು, ಮೇಲಿನಿಂದ ಇಳಿದ ನೀರು ಎರಡೂ ಕಲ್ಲಿನೊಳಗೆ ಸಿಕ್ಕಿಬಿದ್ದವು. ಹೊರಗೆ ಹೋಗಲು ದಾರಿ ಇಲ್ಲ. ಗೋಡೆ ಸೊಂಟದ ಎತ್ತರದವರೆಗೆ ಹಸಿ, ಮೇಲೆ ಬಿಳಿ ಉಪ್ಪು. ಮೂರನೇ ವರ್ಷ ಗಾರೆ ಹಪ್ಪಳದ ಹಾಗೆ ಎದ್ದು ಬಂತು, ಜೊತೆಗೆ ಕಲ್ಲಿನ ಮುಖವನ್ನೂ ಕಿತ್ತುಕೊಂಡು. ಆ ಗೋಡೆಯ ಪಕ್ಕ ಕೂತ ಮಕ್ಕಳಿಗೆ ವರ್ಷವಿಡೀ ಶೀತ. ಆ ಶಾಲೆಯ ದಾರಿಯಲ್ಲಿ ಹೋಗುವಾಗ ಇವತ್ತಿಗೂ ನಾನು ಬಸ್ಸಿನ ಇನ್ನೊಂದು ಕಡೆಯ ಕಿಟಕಿ ನೋಡುತ್ತೇನೆ.

ಈಗ ಬೆಳಕು. ನೀವು ಕೂತ ದಿಕ್ಕು ಗಮನಿಸಿ. ಮುಖ ಮೂಡು ದಿಕ್ಕಿಗೆ. ಹಲಗೆ ಮೂಡು ಗೋಡೆಯಲ್ಲಿ. ದೊಡ್ಡ ಕಿಟಕಿಗಳೆಲ್ಲ ಬಡಗು ಬದಿಯಲ್ಲಿ, ಅಂದರೆ ನಿಮ್ಮ ಎಡಗಡೆ. ಇದು ವಾಸ್ತು ನೋಡಿ ಮಾಡಿದ್ದಲ್ಲ. ಬೆಳಕು ಎಡಗಡೆಯಿಂದ ಬಂದರೆ ಬಲಗೈಯಲ್ಲಿ ಬರೆಯುವಾಗ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಲಂಡನ್ ಸ್ಕೂಲ್ ಬೋರ್ಡಿನ ವಾಸ್ತುಶಿಲ್ಪಿ ಇ. ಆರ್. ರಾಬ್ಸನ್ 1874ರಲ್ಲೇ ಈ ಮಾತನ್ನು ಒತ್ತಿ ಹೇಳಿದ್ದರು, ಅವರೂ ಅದನ್ನು ಜರ್ಮನಿಯ ಶಾಲೆಗಳಲ್ಲಿ ನೋಡಿ ಕಲಿತದ್ದು. ಬಡಗಿನ ಬೆಳಕಿಗೆ ಇನ್ನೊಂದು ಗುಣ ಉಂಟು. ವರ್ಷದ ಹೆಚ್ಚಿನ ದಿನ ಆ ಕಡೆಯಿಂದ ನೇರ ಬಿಸಿಲು ಬರುವುದಿಲ್ಲ, ಬರಿ ಬೆಳಕು.

ಎಲ್ಲರೂ ಬಲಗೈಯವರು ಅನ್ನುವ ಲೆಕ್ಕ ಅದು. ನನ್ನ ತಂಗಿ ಎಡಗೈಯವಳು. ಅವಳು ಬರೆಯುವಾಗ ಅಕ್ಷರ ಯಾವಾಗಲೂ ಅವಳದೇ ನೆರಳಿನಲ್ಲಿ. ಹಿಂದೆ ತಿರುಗಿ ಕೂತರೆ ಬೆಳಕು ಸರಿ, ಆದರೆ ಮಾಸ್ಟ್ರು ಕಾಣುವುದಿಲ್ಲ. ಕಡೆಗೆ ಅವಳ ಕೈಯನ್ನೇ ಬದಲಾಯಿಸಿದರು, ಬೆತ್ತದಿಂದ.

ಮಾಡಿನಲ್ಲಿ ಒಂದು ಕನ್ನಡಿ ಹಂಚು, ಅಂದರೆ ಗಾಜಿನ ಹಂಚು ಉಂಟಲ್ಲ, ತೆಂಕು ಇಳಿಜಾರಿನಲ್ಲಿ. ಅದರಿಂದ ಬಿಸಿಲಿನ ಒಂದು ತುಂಡು ನೆಲಕ್ಕೆ ಬೀಳುತ್ತದೆ. ಬೆಳಿಗ್ಗೆ ಪಡು ಕಡೆ ಇದ್ದದ್ದು ಹೊತ್ತು ಹೋದ ಹಾಗೆ ಮೂಡು ಕಡೆಗೆ ಸರಿಯುತ್ತದೆ. ನಾವು ನೆಲದಲ್ಲಿ ಸೀಮೆಸುಣ್ಣದ ಗೆರೆ ಎಳೆದಿದ್ದೆವು. ಬಿಸಿಲು ಗೆರೆ ಮುಟ್ಟಿದರೆ ಊಟದ ಗಂಟೆ. ಗಂಟೆ ಅಂದರೆ ನೇತುಹಾಕಿದ ರೈಲು ಕಂಬಿಯ ತುಂಡು. ದೀಪಾವಳಿಯ ನಂತರ ಎಳೆದ ಗೆರೆ ಮಾರ್ಚ್ ಪರೀಕ್ಷೆಯ ಹೊತ್ತಿಗೆ ಸುಳ್ಳಾಗುತ್ತಿತ್ತು. ಯಾಕೆ ಅಂತ ಕೇಳಿದ್ದಕ್ಕೆ ನಮ್ಮ ಗಣಿತದ ಮಾಸ್ಟ್ರು ಒಂದು ವಾರ ಪಾಠ ಬಿಟ್ಟು ಸೂರ್ಯನ ದಾರಿ ಹೇಳಿಕೊಟ್ಟರು. ನನಗೆ ಈ ಕಸುಬಿನ ಆಸೆ ಹುಟ್ಟಿದ್ದು ಆ ಹಂಚಿನಿಂದ.

ಈ ಹಾಲ್ ಯಾಕೆ ಇಷ್ಟು ಉದ್ದ ಅನ್ನುವುದಕ್ಕೆ ಒಂದು ಕುತೂಹಲದ ಕತೆ ಉಂಟು. ಆಂಡ್ರ್ಯೂ ಬೆಲ್ ಅಂತ ಒಬ್ಬ ಸ್ಕಾಟ್ಲೆಂಡಿನ ಪಾದ್ರಿ 1789ರಿಂದ ಮದ್ರಾಸಿನ ಎಗ್ಮೋರಿನ ಅನಾಥಾಲಯ ನೋಡಿಕೊಳ್ಳುತ್ತಿದ್ದ. ಹತ್ತಿರದ ಒಂದು ದೇಸಿ ಶಾಲೆಯಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನೂ, ದೊಡ್ಡ ಮಕ್ಕಳು ಸಣ್ಣವರಿಗೆ ಹೇಳಿಕೊಡುವುದನ್ನೂ ನೋಡಿದ. ಇಂಗ್ಲೆಂಡಿಗೆ ಹೋಗಿ ಅದನ್ನೇ ಮದ್ರಾಸ್ ಪದ್ಧತಿ ಅಂತ ಹಬ್ಬಿಸಿದ. ಒಬ್ಬ ಮಾಸ್ಟ್ರು, ನೂರಾರು ಮಕ್ಕಳು, ಅದಕ್ಕೆ ಒಂದೇ ಒಂದು ದೊಡ್ಡ ಹಾಲ್. ಹಾಲಿನ ಆ ರೂಢಿ ಆಮೇಲೆ ಶಾಲಾ ಕಟ್ಟಡದ ಮಾದರಿಯಾಗಿ ನಮ್ಮಲ್ಲಿಗೇ ವಾಪಸ್ ಬಂತು. ನಮ್ಮ ಐಗಳ ಮರಳು ಲಂಡನ್ ಸುತ್ತಿ ಹಂಚಿನ ಕೆಳಗೆ ಬಂದು ಕೂತ ಹಾಗೆ ನನಗೆ ಕಾಣುತ್ತದೆ.

ನಮ್ಮ ಕಾಲದಲ್ಲಿ ಹಾಲಿಗೆ ನಾಲ್ಕು ಮರದ ತಟ್ಟಿ ಅಡ್ಡ ಇಟ್ಟು ಐದು ಕ್ಲಾಸು ಮಾಡಿದ್ದರು. ತಟ್ಟಿ ಆಳೆತ್ತರ ಅಷ್ಟೆ. ಮೂರನೇ ಕ್ಲಾಸಿನಲ್ಲಿ ಕೂತು ನಾಲ್ಕನೆಯವರ ಮಗ್ಗಿ ನಾವೂ ಕಲಿತೆವು. ಆಚೆ ಯಾರಿಗೋ ಪೆಟ್ಟು ಬಿದ್ದರೆ ಈಚೆ ನಾವು ಸುಮ್ಮನಾಗುತ್ತಿದ್ದೆವು. ವಾರ್ಷಿಕೋತ್ಸವಕ್ಕೆ ತಟ್ಟಿ ತೆಗೆದರೆ ಯಕ್ಷಗಾನದ ರಂಗಸ್ಥಳ ತಯಾರು.

ಜಗಲಿಯ ಬಗ್ಗೆ ಎಲ್ಲರೂ ಚಂದ ಚಂದ ಹೇಳುತ್ತಾರೆ. ಅದು ತೆಂಕು ಬದಿಯಲ್ಲಿ ಉದ್ದಕ್ಕೆ ಉಂಟು, ಬಿರುಮಳೆ ಗೋಡೆಗೆ ಬಡಿಯದ ಹಾಗೆ ತಡೆಯುತ್ತದೆ. ಕೊಡೆ ಮಡಚಲು ಜಾಗ, ಬುತ್ತಿ ಉಣ್ಣಲು ಜಾಗ. ಎಲ್ಲ ನಿಜ. ಆದರೆ ನಮ್ಮ ದೇಶದ ಎಷ್ಟೋ ಶಾಲೆಗಳಲ್ಲಿ ದಲಿತರ ಮಕ್ಕಳನ್ನು ಕೂರಿಸಿದ್ದೂ ಜಗಲಿಯಲ್ಲೇ. ಒಳಗಿನ ಪಾಠವನ್ನು ಹೊರಗಿನಿಂದ ಕೇಳಬೇಕಾಗಿತ್ತು. ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ಆ ಮಕ್ಕಳಿಗೆಂದೇ ಶಾಲೆ ತೆರೆದದ್ದು ಸುಮ್ಮನೆ ಅಲ್ಲ. ಅದಕ್ಕಾಗಿ ಅವರ ಜಾತಿಯವರೇ ಅವರನ್ನು ಹೊರಗಿಟ್ಟರು. ಈ ಹೊಸ್ತಿಲು ಆರು ಇಂಚು ಎತ್ತರ. ಅದನ್ನು ದಾಟಲು ಕೆಲವರಿಗೆ ಎಷ್ಟು ತಲೆಮಾರು ಹಿಡಿಯಿತು ಅನ್ನುವುದು ನನ್ನ ಟೇಪಿನ ಅಳತೆಗೆ ಸಿಗುವುದಿಲ್ಲ.

ಈಗ ಇವತ್ತಿನ ವಿಷಯ. ಈ ಕಟ್ಟಡ ಹಳೇದಾಯ್ತು, ಬೀಳ್ತದೆ, ಅಂತ ಎಲ್ಲರೂ ಹೇಳುತ್ತಿದ್ದೀರಿ. ನಾನು ಕಂಡ ಮಟ್ಟಿಗೆ ಹಂಚಿನ ಕಟ್ಟಡ ವಯಸ್ಸಾಗಿ ಬೀಳುವುದು ಕಡಿಮೆ. ಅದನ್ನು ಬೀಳಿಸುವುದು ಒಂದು ಮೇ ತಿಂಗಳು.

ನಮ್ಮ ಮನೆಗಳಲ್ಲಿ ಏನು ಮಾಡುತ್ತಿದ್ದರು ನೆನಪು ಮಾಡಿಕೊಳ್ಳಿ. ಪತ್ತನಾಜೆಯ ಒಳಗೆ ಮಾಡಿನ ಕೆಲಸ ಮುಗಿಯಬೇಕು. ಮೇ 24, 25ಕ್ಕೆ ಪತ್ತನಾಜೆ. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲಗಳು ನಿಲ್ಲುತ್ತವೆ, ಇನ್ನು ಮಳೆಯದ್ದೇ ಆಟ. ಅದಕ್ಕಿಂತ ಮೊದಲು ಹಂಚು ಕೈಯಾಡಿಸುವುದು. ಇಬ್ಬರು ಮಾಡಿನ ಮೇಲೆ, ಇಬ್ಬರು ಕೆಳಗೆ. ಮೇಲಿನವರು ಬರಿಗಾಲಿನಲ್ಲಿ, ರೀಪು ಇರುವ ಕಡೆಯೇ ಕಾಲಿಟ್ಟು ಹೋಗುತ್ತಾರೆ. ಒಂದೊಂದು ಸಾಲು ಎತ್ತಿ ಗೀರಿನಲ್ಲಿ ತುಂಬಿದ ತರಗೆಲೆ, ಮಣ್ಣು, ಪಾಚಿ ಗುಡಿಸುತ್ತಾರೆ. ಬೆರಳ ಗಂಟಿನಿಂದ ಹಂಚನ್ನು ಕುಟ್ಟಿ ನೋಡುತ್ತಾರೆ. ಟಣ್ ಅಂದರೆ ಗಟ್ಟಿ. ಡಬ್ ಅಂದರೆ ಒಳಗೆ ಬಿರುಕು ಉಂಟು, ಕೆಳಗೆ ಕೊಡು. ಮಂಗ ಜಾರಿಸಿದ ಹಂಚು, ತೆಂಗಿನಕಾಯಿ ಬಿದ್ದು ಒಡೆದ ಹಂಚು, ನಮ್ಮ ಕ್ರಿಕೆಟ್ ಬಾಲಿನ ಪೆಟ್ಟು ತಿಂದ ಹಂಚು, ಎಲ್ಲ ಬದಲಾಗುತ್ತದೆ. ಎರಡು ಮೂರು ದಿನದ ಕೆಲಸ.

ಅದನ್ನು ಒಂದು ವರ್ಷ ಬಿಟ್ಟರೆ ಏನಾಗುತ್ತದೆ? ಒಂದು ಹಂಚು ಎರಡು ಇಂಚು ಜಾರಿದೆ ಅಂತ ಇಟ್ಟುಕೊಳ್ಳಿ. ಮೊದಲ ಮಳೆಗಾಲದಲ್ಲಿ ರೀಪು ಒದ್ದೆ. ಕೆಳಗೆ ಒಂದು ಬಕೆಟ್ ಇಡುತ್ತೇವೆ, ಸಮಸ್ಯೆ ಮುಗಿಯಿತು ಅಂದುಕೊಳ್ಳುತ್ತೇವೆ. ಎರಡನೇ ವರ್ಷ ರೀಪು ಮೆತ್ತಗಾಗಿ ಬಾಗುತ್ತದೆ, ಅದರ ಮೇಲಿನ ಹತ್ತು ಹಂಚು ಸಡಿಲ. ಮೂರನೇ ವರ್ಷ ನೀರು ಗೋಡೆಯ ತಲೆಗೆ ಇಳಿಯುತ್ತದೆ. ಅಲ್ಲೇ ಈ ದೊಡ್ಡ ಮರದ ಕಾಲು ಕೂತಿರುವುದು. ಹಸಿ ಮರ ಸಿಕ್ಕಿದರೆ ಒರಲೆಗೆ, ಅಂದರೆ ಗೆದ್ದಲಿಗೆ ಅಷ್ಟೇ ಸಾಕು. ಹೊರಗಿನಿಂದ ಏನೂ ಕಾಣುವುದಿಲ್ಲ, ಬಣ್ಣ ಬಳಿದ ಹಾಗೇ ಇರುತ್ತದೆ. ಐದನೆಯದೋ ಆರನೆಯದೋ ವರ್ಷ ಆಟಿ ತಿಂಗಳ ಮಳೆಯಲ್ಲಿ ಒಂದು ರಾತ್ರಿ ದೊಡ್ಡ ಶಬ್ದ. ಬ್ರಿಟಿಷರ ಕಾಲದ ಕಟ್ಟಡ, ಬಿತ್ತು, ಅಂತ ಎಲ್ಲರೂ ಹೇಳುತ್ತಾರೆ. ಬಕೆಟ್ ಇಟ್ಟ ದಿನ ಯಾರಿಗೂ ನೆನಪಿರುವುದಿಲ್ಲ.

(ಇಲ್ಲಿ ಮುಂದಿನ ಸಾಲಿನ ಒಬ್ಬ ಅಕ್ಕ ಎದ್ದು ಕೇಳಿದರು: "ನೀವು ಹೇಳುವುದೆಲ್ಲ ಸರಿ ಸರ್. ಆದರೆ ವರ್ಷ ವರ್ಷ ಇದೇ ರಗಳೆ ಯಾಕೆ? ಒಮ್ಮೆ ಸ್ಲ್ಯಾಬ್ ಹಾಕಿದರೆ ಮುಗೀತಲ್ಲ?")

ಒಳ್ಳೆ ಪ್ರಶ್ನೆ ಅಕ್ಕ. ಸ್ಲ್ಯಾಬಿಗೆ ನಾನು ವೈರಿಯಲ್ಲ. ಮೇಲೆ ಇನ್ನೊಂದು ಮಾಳಿಗೆ ಬೇಕಾದರೆ ಸ್ಲ್ಯಾಬೇ ಬೇಕು. ಕಂಪ್ಯೂಟರ್ ಇಡುವ ರೂಮಿಗೆ, ಲೈಬ್ರೆರಿಗೆ ನಾನೇ ಸ್ಲ್ಯಾಬ್ ಹಾಕಿ ಅನ್ನುತ್ತೇನೆ. ಹಂಚು ತೆಗೆದು ಕಳ್ಳ ಒಳಗೆ ಇಳಿಯಬಹುದು, ಸ್ಲ್ಯಾಬಿನಲ್ಲಿ ಆಗುವುದಿಲ್ಲ. ಆದರೆ "ಒಮ್ಮೆ ಹಾಕಿದರೆ ಮುಗೀತು" ಅನ್ನುವುದು ಸರಿಯಲ್ಲ. ಕಡಲಿನ ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ, ಉಬ್ಬುತ್ತದೆ, ಸಿಮೆಂಟನ್ನು ಒಡೆದು ಕೆಳಗೆ ಉದುರಿಸುತ್ತದೆ. ಸ್ಲ್ಯಾಬ್ ಸೋರಿದರೆ ಎಲ್ಲಿಂದ ಸೋರುತ್ತದೆ ಅಂತ ಹುಡುಕುವುದೇ ಒಂದು ವರ್ಷದ ಕೆಲಸ. ಹಂಚಿನಲ್ಲಿ ಹಾಗಲ್ಲ. ತಲೆ ಎತ್ತಿದರೆ ಕಾಣುತ್ತದೆ, ಒಂದು ಹಂಚು ಬದಲಿಸಿದರೆ ಸರಿ. ಮತ್ತೆ ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಹೊಸ ಬ್ಲಾಕಿನಲ್ಲಿ ಕೂತು ನೋಡಿ, ಆಮೇಲೆ ಇಲ್ಲಿ ಬಂದು ಕೂತು ನೋಡಿ. ಬಿಸಿ ಗಾಳಿ ಮೇಲೇರಿ ಹಂಚಿನ ಸಂದಿಯಿಂದ, ಆ ಪಡು ಗೋಡೆಯ ತ್ರಿಕೋನದಲ್ಲಿರುವ ಮರದ ಜಾಲರಿಯಿಂದ ಹೊರಗೆ ಹೋಗುತ್ತದೆ. ತಗಡಿನ ಶೀಟ್ ಹಾಕಿದ ಶಾಲೆಗಳ ಪಾಡು ಕೇಳಲೇಬೇಡಿ. ಮಳೆ ಬಂದರೆ ಟೀಚರ್ ಪಾಠ ನಿಲ್ಲಿಸಿ ಸುಮ್ಮನೆ ಕೂರಬೇಕು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮರ ನಿಜವಾಗಿ ಕುಂಬಾಗಿದ್ದರೆ, ಅಂದರೆ ಕೊಳೆತು ಮೆತ್ತಗಾಗಿದ್ದರೆ, ಒಂದು ದಿನವೂ ಮಕ್ಕಳನ್ನು ಕೆಳಗೆ ಕೂರಿಸಬೇಡಿ. ಅಲ್ಲಿ ಹಳೇದರ ಮೇಲಿನ ಪ್ರೀತಿ ಏನೂ ನಡೆಯುವುದಿಲ್ಲ. ಹೇಗೆ ಗೊತ್ತಾಗುತ್ತದೆ? ಮರದ ಕಾಲು ಗೋಡೆಗೆ ಹೋಗುವ ಕಡೆ ಒಂದು ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಗಟ್ಟಿ ಮರಕ್ಕೆ ತುದಿ ಕೂಡ ಹೋಗುವುದಿಲ್ಲ. ಕುಂಬಾಗಿದ್ದರೆ ಬಾಳೆಹಣ್ಣಿಗೆ ಚುಚ್ಚಿದ ಹಾಗೆ ಹೋಗುತ್ತದೆ. ನಿನ್ನೆ ಈ ಹಾಲಿನ ಅಷ್ಟೂ ಚೌಕಟ್ಟಿನ ಎರಡೂ ಕಾಲಿಗೆ ಚುಚ್ಚಿ ನೋಡಿದೆ. ಎಲ್ಲ ಗಟ್ಟಿ ಉಂಟು, ಒಂದು ಬಿಟ್ಟು. ಬಾಗಿಲಿನಿಂದ ಎರಡನೆಯದ್ದರ ತೆಂಕು ಕಾಲಿನಲ್ಲಿ ಸ್ಕ್ರೂಡ್ರೈವರ್ ಒಂದು ಇಂಚು ಹೋಯಿತು. ಅದರ ಕೆಳಗಿನ ಎರಡು ಬೆಂಚು ಅದಕ್ಕೇ ಖಾಲಿ ಇಡಿಸಿದ್ದು. ಆ ತುದಿಯನ್ನು ಕತ್ತರಿಸಿ ಹೊಸ ಮರ ಬೆಸೆಯಬಹುದು, ಆಚಾರ್ರ ಹತ್ತಿರ ಮಾತಾಡಿದ್ದೇನೆ. ಹಲಸಿನ ಮರ ನಮ್ಮ ತೋಟದಲ್ಲಿ ಕೊಯ್ದು ಒಣಗಿಸಿಟ್ಟದ್ದು ಉಂಟು, ಅದನ್ನು ಕೊಡುತ್ತೇನೆ.

ಕಷ್ಟ ಇರುವುದು ಮಾಡಿಗೆ. ಹಂಚು ಕೈಯಾಡಿಸುವವರು ಈಗ ಈ ಊರಿನಲ್ಲಿ ಒಬ್ಬರೇ. ಅವರಿಗೂ ಮಂಡಿ ನೋವು. "ನಾನು ಕೆಳಗೆ ನಿಂತು ಹೇಳಿಕೊಡ್ತೇನೆ, ಹತ್ತುವವರನ್ನು ನೀವು ಹುಡುಕಿ" ಅಂತ ನಿನ್ನೆ ಹೇಳಿದರು. ಬದಲಿ ಹಂಚು ಸುಮಾರು ಇನ್ನೂರು ಬೇಕು. ಹಿತ್ತಲಿನ ರಾಶಿಯಲ್ಲಿ ಒಳ್ಳೇದು ನೂರ ಇಪ್ಪತ್ತು ಸಿಕ್ಕಿತು. ಹಳೆ ಮನೆ ಕೆಡವಿದವರು ಯಾರಾದರೂ ಕೊಟ್ಟಿಗೆಯ ಹಿಂದೆ ಪೇರಿಸಿಟ್ಟಿದ್ದರೆ ಕೊಡಿ. ಆದರೆ ಗೀರು ಹೊಂದಬೇಕು, ಒಂದು ಕಾರ್ಖಾನೆಯ ಹಂಚು ಇನ್ನೊಂದಕ್ಕೆ ಸರಿಯಾಗಿ ಕಚ್ಚುವುದಿಲ್ಲ. ಅದಕ್ಕೇ ಅಚ್ಚು ಓದಿಕೊಂಡು ತನ್ನಿ.

ಬರುವ ಶನಿವಾರ ಬೆಳಿಗ್ಗೆ ಆರೂವರೆಗೆ ಶುರು ಮಾಡುವ, ಬಿಸಿಲು ಏರಿದರೆ ಹಂಚಿನ ಮೇಲೆ ಕಾಲಿಡಲಿಕ್ಕಾಗುವುದಿಲ್ಲ. ಅರುವತ್ತು ಕಿಲೊಗಿಂತ ಕಡಿಮೆ ತೂಕದವರು ಮೇಲೆ, ಉಳಿದವರು ಕೆಳಗೆ ಸಾಲಾಗಿ ನಿಂತು ಹಂಚು ದಾಟಿಸಬೇಕು. ನಾನು ಎಂಬತ್ತೆರಡು, ಕೆಳಗೇ. ಮೇಲೆ ಹತ್ತುವವರ ಸೊಂಟಕ್ಕೆ ಕಟ್ಟುವ ಹಗ್ಗ ನಾನು ತರುತ್ತೇನೆ. ಏಣಿ ಒಂದೇ ಉಂಟು, ಉದ್ದದ್ದು ಇನ್ನೊಂದು ಯಾರ ಮನೆಯಲ್ಲಿದೆ, ಕೈ ಎತ್ತಿ.